ಮರುಭೂಮಿಯ ಅಕ್ಷರ ಕಂಡ ಜ್ಞಾನೇಶ್ವರ

ಓದಿದವರೆಂದರೆ ಔರಾದಿನ ಜ್ಞಾನೇಶ್ವರನಿಗೆ ಮೊದಲಿನಿಂದಲೂ ತಾತ್ಸಾರ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ಮುಜುಗರಕ್ಕೆ ಆತ ಕಂಡುಕೊಂಡಿದ್ದ ಮದ್ದು ಅದು. "ಕಾಗದ ನೋಡಿ ನೋಡಿ ಇವರ ಕಣ್ಣಿಗೆ ಪೊರಿ ಬಂದದ" ಎನ್ನುತ್ತಿದ್ದ. ಹೆಂಡತಿ ಸತ್ಯಮ್ಮ ಕೇಳಿ ಕೇಳಿ ಬೇಸತ್ತಿದ್ದಳು.

ಒಂಬತ್ತು ವರ್ಷ ಆತ ಸೌದಿಯ ಉತ್ತರ ಗಡಿಯಲ್ಲಿ ಇನ್ನೊಬ್ಬರ ಕುರಿ ಕಾಯ್ದು ಬಂದವನು. ಅಲ್ಲಿ ಮರಳಿಗಿಂತ ಕರಿಗಲ್ಲೇ ಹೆಚ್ಚು. ಒಂದು ಚಳಿಗಾಲ ಇಬ್ಬರು ಪರದೇಶದವರು ಜೀಪಿನಲ್ಲಿ ಬಂದು, ಒಂದು ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಮಧ್ಯಾಹ್ನದವರೆಗೆ ಏಳಲಿಲ್ಲ. ಅವರಿಗೆ ದಾರಿ ತೋರಿಸಲು ಬಂದವನು ನೀರಿನ ಟ್ಯಾಂಕರಿನ ಡ್ರೈವರ್ ಮುಸ್ತಕೀಮ, ಬೀದರದವನೇ. ಇವರೇನು ಹುಚ್ಚರೇ ಎಂದು ಜ್ಞಾನೇಶ್ವರ ಅವನನ್ನು ಕೇಳಿದ.

"ಹುಚ್ಚರಲ್ಲೋ. ಆ ಕಲ್ಲಿನ ಮ್ಯಾಲಿನ ಗೀರು ಇಸ್ಲಾಂ ಬರೋಕಿಂತ ನಾಕೈದು ನೂರು ವರ್ಷ ಹಿಂದಿನ ಬರಹ ಅಂತ. ಬರದವರು ರಾಜರಲ್ಲ, ನಿನ್ನಂಥ ಕುರಿ ಕಾಯೋರೇ" ಎಂದ ಮುಸ್ತಕೀಮ. ಪರದೇಶದವರಿಂದ ಕೇಳಿ ಅರ್ಥವನ್ನೂ ಹೇಳಿದ. ಇಂಥವನು, ಇಂಥವನ ಮಗ, ಕುರಿ ಮೇಯಿಸಿದ, ಮಳೆಗಾಗಿ ಕಾದ. ಅಷ್ಟೇ.

ಅಂದಿನಿಂದ ಜ್ಞಾನೇಶ್ವರ ಒಂದು ಕಲ್ಲನ್ನೂ ನೋಡದೆ ದಾಟಲಿಲ್ಲ. ಗೀರು ಕಂಡಲ್ಲೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದ. ಊರಿಗೆ ಮರಳುವಾಗ ಅಂಥ ಇನ್ನೂರು ಫೋಟೊ ಅವನ ಬಳಿ ಇದ್ದವು.

ಮಗಳು ಮನಿಷಾ ಭಾಲ್ಕಿಯ ಒಂದು ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. ಪ್ರಬಂಧಕ್ಕೆ ಬಹುಮಾನ ಬಂದಿತ್ತು. ಸಮಾರಂಭಕ್ಕೆ ಹೋದ ಗಂಡಹೆಂಡತಿ ಹಿಂದಿನ ಸಾಲಿನಲ್ಲಿ ಕೂತರು. ಅಂದು ಭಾಷಣ ಇತಿಹಾಸದ ಅಧ್ಯಾಪಕ ಅಮಿತಕುಮಾರರದು. ಇಸ್ತ್ರಿ ಮಾಡಿದ ಜಾಕೀಟು, ಇಸ್ತ್ರಿ ಮಾಡಿದ ಮಾತು.

"ಇಸ್ಲಾಂಗಿಂತ ಮೊದಲು ಅರಬ್ ಮರುಭೂಮಿಯಲ್ಲಿ ಅಕ್ಷರ ಎಂಬುದೇ ಇರಲಿಲ್ಲ" ಎಂದರು ಅವರು. "ಆ ಜನರ ಬಗ್ಗೆ ನಮಗೆ ತಿಳಿದಿರುವುದೆಲ್ಲ ಬಹುಕಾಲದ ನಂತರ ಬರೆದ ಗ್ರಂಥಗಳಿಂದ."

ಜ್ಞಾನೇಶ್ವರ ಎದ್ದು ನಿಂತ. "ಅಕ್ಷರ ಅವರಿ ಸರ್. ನಾ ನೋಡೇನಿ."

"ನೀವು ಏನು ಮಾಡ್ತೀರಿ?"

"ಕುರಿ ಕಾಯ್ತೇನ್ರಿ."

"ಕುರಿಗಳು ಓದ್ತಾವೇನು?" ಎಂದರು ಅಮಿತಕುಮಾರ. ಸಭೆ ನಕ್ಕಿತು. ಮನಿಷಾ ತಲೆ ತಗ್ಗಿಸಿದಳು.

"ಕುರಿ ಓದಂಗಿಲ್ರಿ ಸರ್. ಆದ್ರ ತಾ ನೋಡಲಾರದ್ದು ಇಲ್ಲೇ ಇಲ್ಲ ಅಂತ ಭಾಷಣನೂ ಮಾಡಂಗಿಲ್ಲ" ಎಂದು ಜ್ಞಾನೇಶ್ವರ ಕೂತ.

ಸಭೆ ಮುಗಿದ ಮೇಲೆ, ಕೇಳಲು ಬಂದಿದ್ದ ನಾಜಿಯಾ ಎಂಬವಳು ಅವನನ್ನು ಹುಡುಕಿಕೊಂಡು ಬಂದಳು. ಬೀದರದವಳು. ಅರಬ್ಬಿ ಫಾರ್ಸಿ ಕಲಿತು, ಅಷ್ಟೂರದ ಸುಲ್ತಾನರ ಗೋರಿ ಗುಂಬಜಗಳೊಳಗಿನ ಬರಹಗಳನ್ನು ಒಂದೊಂದಾಗಿ ನಕಲು ಮಾಡಿಕೊಳ್ಳುತ್ತಿದ್ದಳು. ಅವನ ಬಳಿ ಫೋಟೊಗಳಿವೆ ಎಂದು ತಿಳಿದು, ತರಲು ಹೇಳಿದಳು. ಮುಂದಿನ ಸೋಮವಾರ ಬೀದರದ ಗಾಂಧಿ ಗಂಜ್ ಪೇಟೆಯಲ್ಲಿ ಕುರಿಗೆ ಹಿಂಡಿ ಕೊಳ್ಳಲು ಹೋದ ಜ್ಞಾನೇಶ್ವರ ಹಾಗೇ ಅವಳ ಮನೆಗೂ ಹೋದ. ಅಲ್ಲಿಲ್ಲದ ಅಮಿತಕುಮಾರರಿಗೆ ಮಂಗಳಾರತಿ ಮಾಡುತ್ತಲೇ ಚಹಾ ಹೀರತೊಡಗಿದ.

ನಾಜಿಯಾ ಕಂಪ್ಯೂಟರಿನಲ್ಲಿ ಫೋಟೊಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದವಳು ಒಂದರ ಮೇಲೆ ನಿಂತಳು. ಹಳೆಯ ಗೀರುಗಳ ಮೇಲೆ, ಬೆಳ್ಳಗೆ, ಹೊಸದಾಗಿ ಕೆತ್ತಿದ ಕನ್ನಡ ಅಕ್ಷರ: ಜ್ಞಾನೇಶ್ವರ, ಔರಾದ.

"ಇದೇನ್ರಿ ಕಾಕಾ?"

"ನನ್ನ ಹೆಸರ್ರಿ. ಬರೋ ಮುಂದ ಕೆತ್ತಿದೆ. ಅವನೂ ಕುರಿ ಕಾದಂವ, ನಾನೂ ಕುರಿ ಕಾದಂವ. ಅವನ ಬಾಜೂಕ ನಂದೂ ಇರ್ಲಿ ಅಂತ."

"ಬಾಜೂಕ ಎಲ್ಲಿ ಅದರಿ? ಮ್ಯಾಲೇ ಕುಂತದ. ಅವ ಖಾಲಿ ಕಲ್ಲ ಹುಡುಕಿ ಬರದಿದ್ದ. ನಿಮಗ ಅಷ್ಟು ದೊಡ್ಡ ಮರುಭೂಮ್ಯಾಗ ಇನ್ನೊಂದು ಕಲ್ಲ ಸಿಗಲಿಲ್ಲೇನ್ರಿ?" ಎಂದಳು ನಾಜಿಯಾ. "ಅಮಿತಕುಮಾರ ಸರ್ ನೋಡಲಾರ್ದೇ ಇಲ್ಲ ಅಂದ್ರು. ನೀವು ನೋಡಿ ಇಲ್ಲದಂಗ ಮಾಡೀರಿ."

ಜ್ಞಾನೇಶ್ವರ ಕಪ್ಪು ಕೆಳಗಿಟ್ಟ. ಚಹಾ ಅರ್ಧ ಉಳಿಯಿತು.

ನಾಜಿಯಾ ಫೋಟೊವನ್ನು ಅಂಥ ಬರಹ ಓದಬಲ್ಲ ಹೊರದೇಶದ ಒಬ್ಬ ವಿದುಷಿಗೆ ಕಳಿಸಿದಳು. ಜಾಗ ಎಲ್ಲಿ ಎಂದು ಕೇಳಿದ್ದಕ್ಕೆ ಜ್ಞಾನೇಶ್ವರ, "ಬಾವಿಯಿಂದ ಪಡುವಣಕ್ಕ ಕುರಿ ಅರ್ಧ ದಿನ ನಡದಷ್ಟು" ಎಂದಿದ್ದ. ಅದನ್ನೂ ಹಾಗೇ ಬರೆದಳು. ತಿಂಗಳ ನಂತರ ಉತ್ತರ ಬಂತು. ಈ ಬರಹ ಇದುವರೆಗೆ ಯಾರೂ ದಾಖಲಿಸದ್ದು. ಬರೆದವನು ತಮ್ಮನಿಗಾಗಿ ಅತ್ತಿದ್ದಾನೆ, ಅಲ್ಲಾತ್ ಎಂಬ ದೇವಿಯನ್ನು ಕ್ಷೇಮ ಬೇಡಿದ್ದಾನೆ. ಆದರೆ ಅವನ ಅಪ್ಪನ ಹೆಸರು ಕನ್ನಡ ಅಕ್ಷರಗಳ ಅಡಿ ಹೋಗಿದೆ, ಓದಲಾಗದು. ಕೊನೆಯ ಸಾಲು ಶಾಪ: ಈ ಬರಹ ಅಳಿಸಿದವನ ಕಣ್ಣು ಹೋಗಲಿ.

ಶಾಪವೆಂದರೆ ಜ್ಞಾನೇಶ್ವರನಿಗೆ ಹೊಸದಲ್ಲ. ದಾನದ ಹೊಲ ಕಸಿದವನು ಮಲದ ಹುಳವಾಗಿ ಹುಟ್ಟುತ್ತಾನೆಂದು ಊರ ಗುಡಿಯ ಮುಂದಿನ ಶಾಸನದಲ್ಲಿದೆ ಎಂದು ಹಿರಿಯರು ಹೇಳುತ್ತಿದ್ದರು. ಎರಡು ದಿನ ಅವನು ಅನ್ನ ಸರಿಯಾಗಿ ಉಣ್ಣಲಿಲ್ಲ.

"ಕಣ್ಣು ಹೋಗ್ಲಿಕ್ಕ ಶಾಪ ಯಾಕ ಬೇಕು? ಕಣ್ಣಿದ್ರ ಅದರ ಮ್ಯಾಲ ಬರೀತಿದ್ದೇನು?" ಎಂದಳು ಸತ್ಯಮ್ಮ, ರೊಟ್ಟಿ ಬಡಿಯುತ್ತಲೇ.

ಹೊಸ ಬರಹದ ಸುದ್ದಿ ಭಾಲ್ಕಿಗೂ ಮುಟ್ಟಿತು. ಈಗ ಅಮಿತಕುಮಾರರೇ ಫೋನು ಮಾಡಿದರು. ದನಿಯಲ್ಲಿ ಜೇನು. ವಾರ್ಷಿಕ ಸಂಚಿಕೆಗೆ ಫೋಟೊ ಬೇಕು, ವೇದಿಕೆಯ ಮೇಲೆ ಶಾಲು ಹೊದಿಸುತ್ತೇವೆ ಎಂದರು. "ಒಂದೇ ಮಾತು, ಆ ಕನ್ನಡದ ಭಾಗ ಕತ್ತರಿಸಿ ಹಾಕೋಣ. ಚಂದ ಕಾಣಂಗಿಲ್ಲ."

"ಕತ್ತರಿಸಬ್ಯಾಡ್ರಿ. ನಾ ಕೆಡಿಸಿದ್ದು ಕಾಣಬೇಕು. ಶಾಲ ನಮ್ಮ ಮನ್ಯಾಗೇ ಅದ, ನಾನೇ ನೇಯ್ದ ಕಂಬಳಿ" ಎಂದು ಜ್ಞಾನೇಶ್ವರ ಫೋಟೊ ಕೊಡಲಿಲ್ಲ.

ಆದರೂ ಸಂಚಿಕೆಯಲ್ಲಿ ಫೋಟೊ ಬಂತು. ಮೊದಲು ಮನಿಷಾಳ ಮೊಬೈಲಿನಿಂದ ಗೆಳತಿಯರಿಗೆ ಹೋಗಿದ್ದು ಎಲ್ಲೆಲ್ಲೋ ಸುತ್ತಿ ಅಲ್ಲಿಗೆ ಸೇರಿತ್ತು. ಕನ್ನಡ ಇದ್ದ ಅರ್ಧ ಮಾಯ. ಕೆಳಗೆ ಒಂದೇ ಸಾಲು: ಸಂಗ್ರಹ, ಡಾ. ಅಮಿತಕುಮಾರ. ಮನಿಷಾ ಸಿಟ್ಟಿನಿಂದ ಪುಟ ಹರಿಯಲು ಹೋದಳು.

"ಇರ್ಲಿ ಬಿಡವ್ವ" ಎಂದ ಜ್ಞಾನೇಶ್ವರ, ಮೂಗು ಮುರಿದು. "ಡಾಕ್ಟರ್ ಆಗ್ಯಾನ, ಕೊಯ್ಯೋದು ಕಲ್ತಾನ."

ನಾಜಿಯಾ ಇಡೀ ಫೋಟೊವನ್ನೇ ವಿದುಷಿಯ ಸಂಗ್ರಹಕ್ಕೆ ಸೇರಿಸಿದ್ದಳು. ಅಲ್ಲಿಯ ಟಿಪ್ಪಣಿಯಲ್ಲಿ, ಮೇಲಿನ ಕನ್ನಡ ಬರಹ ಈಚಿನ ಕುರಿಗಾಹಿಯೊಬ್ಬನದು, ಕೆಡಿಸಿದ್ದನ್ನು ಒಪ್ಪಿಕೊಂಡವನೂ ಅವನೇ ಎಂದಿತ್ತು. ಮನಿಷಾ ಓದಿ ಹೇಳಿದಳು. ಜ್ಞಾನೇಶ್ವರ ಇನ್ನೊಮ್ಮೆ ಓದಿಸಿಕೊಂಡ. ಕಾಣಬೇಕು ಎಂದಿದ್ದವನು ತಾನೇ, ಆದರೂ ಮುಖ ಸಣ್ಣದಾಯಿತು. ಕುರಿಗಳನ್ನು ಬಿಟ್ಟುಕೊಂಡು ಊರ ಹೊರಗಿನ ಹೊಲಗಳಿಗೆ ಹೊರಟ.