ಕಾಕಾ ಬಿಟ್ಟುಕೊಟ್ಟ ಅರ್ಧ ಡಿಸ್ಕ್

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮುಂಬಯಿಯ ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಕಂಪ್ಯೂಟರ್ ಇದ್ದದ್ದು ಒಂದೇ ಮನೆಯಲ್ಲಿ, ಕೆಳಗಿನ ಕಾಕಾರ ಹತ್ತಿರ. ಬಿಜಾಪುರ ಕಡೆಯ ಬಟ್ಟೆ ವ್ಯಾಪಾರಿ. ಯಂತ್ರಕ್ಕೆ ಅವರ ಹೆಂಡತಿ ಕಾಕೂ ಹೆಣೆದ ಹೊದಿಕೆ ಬೇರೆ. ಅದಕ್ಕೆ ಧೂಳೂ ತಾಗಬಾರದು, ನಮ್ಮಂಥವರ ಕೈಯಂತೂ ತಾಗಲೇಬಾರದು ಎಂದುಕೊಂಡಿದ್ದೆ.

ನನಗೋ ಕೆಲಸ ಬೇಕೇ ಬೇಕಿತ್ತು. ಅಪ್ಪ ದುಡಿಯುತ್ತಿದ್ದ ಗಿರಣಿ ಮುಚ್ಚಿ ವರ್ಷಗಳಾಗಿದ್ದವು. ಮನೆ ಅಮ್ಮನ ಹೊಲಿಗೆಯ ಮೇಲೆ ನಡೆಯುತ್ತಿತ್ತು. ಒಂದು ಆಫೀಸಿನವರು ಕರೆದಿದ್ದರು, ಆದರೆ ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಲ್ಲವರೇ ಆಗಬೇಕಂತೆ. ದೀಪಾವಳಿ ಮುಗಿದ ಮೇಲೆ ಪರೀಕ್ಷೆ. ಕಂಪ್ಯೂಟರ್ ಕ್ಲಾಸಿನಲ್ಲಿ ಒಂದೇ ಯಂತ್ರಕ್ಕೆ ಎಲ್ಲರೂ ಮುತ್ತಿಕೊಂಡು ಕಲಿತದ್ದು ಯಾವ ಮೂಲೆಗೆ ಸಾಲಬೇಕು?

ಧೈರ್ಯ ಮಾಡಿ ಕಾಕಾರನ್ನು ಕೇಳಿದೆ. ಅವರ ವ್ಯಾಪಾರದ ಲೆಕ್ಕವೆಲ್ಲ ಡಾಸ್ ಎಂಬ ಬೇರೆ ವ್ಯವಸ್ಥೆಯಲ್ಲಿತ್ತು. ಹಾರ್ಡ್ ಡಿಸ್ಕನ್ನು ಎರಡು ಭಾಗ ಮಾಡಿ ಒಂದರಲ್ಲಿ ಡಾಸ್ ಉಳಿಸಿ, ಇನ್ನೊಂದರಲ್ಲಿ ಯುನಿಕ್ಸ್ ಹಾಕಬಹುದು, ನನ್ನ ಫ್ಲಾಪಿ ಹಾಕಿ ಚಾಲೂ ಮಾಡಿದರೆ ಮಾತ್ರ ಅದು ಏಳುತ್ತದೆ ಎಂದು ತೊದಲಿದೆ.

ಕಾಕಾ ನಕ್ಕುಬಿಟ್ಟರು. "ಇಷ್ಟ ಏನವಾ? ಪರೇಲಿನ ಚಾಳಿನ್ಯಾಗ ನಮ್ಮದು ಒಂದ ಖೋಲಿ, ನಡುವ ಪಡದಿ, ಎರಡ ಸಂಸಾರ. ನಮ್ಮ ಮಕ್ಕಳು ಹುಟ್ಟಿದ್ದ ಅಲ್ಲೆ. ಹಾಕ ನಿನ್ನ ಪಡದಿ."

ಅವರ ಲೆಕ್ಕವನ್ನೆಲ್ಲ ಮೊದಲು ಫ್ಲಾಪಿಗಳಿಗೆ ಇಳಿಸಿ, ಡಿಸ್ಕನ್ನು ಪಾಲು ಮಾಡಿ, ಡಾಸ್ ಮತ್ತೆ ಎದ್ದು ಕೂತಾಗ ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಕಾಕಾ ಅಂಗಡಿಗೆ ಹೋದ ಮೇಲೆ ದಿನವೂ ನನ್ನ ಅಭ್ಯಾಸ. ಕಾಕೂ ಚಹಾ ತಂದಿಟ್ಟು, "ಹೆಂಗೈತಿ ನಿನ್ನ ಬಿಡಾರ?" ಎಂದು ಕಾಡಿಸುತ್ತಿದ್ದರು.

ಕೆಲಸ ಸಿಕ್ಕಿತು. ಇಂದಿಗೂ ನನ್ನ ಅನ್ನದ ಮೂಲ ಯಾವುದೆಂದು ಕೇಳಿದರೆ ಆ ಅರ್ಧ ಡಿಸ್ಕ್ ಎಂದೇ ಹೇಳುತ್ತೇನೆ.

ಅಂದೇ ಪೇಢೆ ಹಿಡಿದು ಕಾಕಾರ ಮನೆಗೆ ಓಡಿದೆ. ನನ್ನ ಭಾಗ ತೆಗೆದು ಡಿಸ್ಕನ್ನು ಪೂರ್ತಿ ಒಪ್ಪಿಸೋಣವೆಂದು ಪಾಲು ಮಾಡಿದ ಮೇಲೆ ಮೊದಲ ಸಲ ಡಿಸ್ಕಿನ ಅವರ ಭಾಗಕ್ಕೆ ಇಣುಕಿದೆ. ಒಂದು ಬಿಲ್ಲಿಗೂ ಜಾಗವಿರಲಿಲ್ಲ. ಯಂತ್ರದ ಹಿಂದೆ ಫ್ಲಾಪಿಗಳ ರಾಶಿ. ದೀಪಾವಳಿಯ ಭರಾಟೆಯುದ್ದಕ್ಕೂ ಕಾಕಾ ಹಳೆಯ ಲೆಕ್ಕ ಫ್ಲಾಪಿಗೆ ಇಳಿಸುವುದು, ಬೇಕಾದಾಗ ಮತ್ತೆ ಏರಿಸುವುದು, ಹೀಗೇ ಒದ್ದಾಡಿದ್ದರು.

"ಒಂದ ಮಾತ ಹೇಳಬಾರದಿತ್ತೇನ್ರಿ ಕಾಕಾ?"

"ಪಡದಿ ಆಚಿ ಮಂದಿಗೆ ನಮಗ ಜಾಗಾ ಸಾಲವಲ್ದು ಅಂತ ಹೇಳೂ ಪದ್ಧತಿ ನಮ್ಮ ಚಾಳಿನ್ಯಾಗ ಇರಲಿಲ್ಲವಾ."

ಪೇಢೆಯ ಡಬ್ಬಿಯನ್ನು ಕೀಬೋರ್ಡಿನ ಪಕ್ಕಕ್ಕಿಟ್ಟು ಅವರ ಕಾಲಿಗೆ ಬಿದ್ದೆ.