‘ಮಾತ್ರೆ ತಗೋತೀರಂತೆ?’

ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಒಂದು ಶನಿವಾರ ಮಧ್ಯಾಹ್ನ, ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ, ನಾನು ಸಾಯುತ್ತಿದ್ದೇನೆ ಅಂದುಕೊಂಡೆ. ಹಳೇಬೀಡಿನ ಬಸ್ಸು ಬಂದು ನಿಂತಿತ್ತು. ಜನ ಬಾಗಿಲಿಗೆ ಮುಗಿಬಿದ್ದಿದ್ದರು. ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯೋಣವೆಂದು ಕೈ ಎತ್ತಿದೆ, ಎತ್ತಿದ ಕೈ ಅಲ್ಲೇ ನಡುಗತೊಡಗಿತು. ಎದೆ ಡವಡವ ಹೊಡೆದುಕೊಂಡಿತು, ಬೆರಳು ಜೋಮು ಹಿಡಿದವು, ಎಷ್ಟು ಎಳೆದರೂ ಉಸಿರು ಗಂಟಲಿನಿಂದ ಕೆಳಗಿಳಿಯಲಿಲ್ಲ.

ನನ್ನನ್ನು ಬಸ್ಸು ಹತ್ತಿಸಲು ಬಂದಿದ್ದ ಗೆಳತಿ ನನ್ನ ರಟ್ಟೆ ಹಿಡಿದು ಗುಂಪಿನಿಂದ ಈಚೆಗೆ ಎಳೆದಳು. ಅವಳು ಅರಸೀಕೆರೆಯವಳೇ, ಕೊಬ್ಬರಿ ವ್ಯಾಪಾರದ ಮನೆಯವಳು. ನಾನು ಹಳೇಬೀಡಿನ ಹತ್ತಿರದ ಹಳ್ಳಿಯಿಂದ ಬಂದು ಅಲ್ಲಿ ಹಾಸ್ಟೆಲಿನಲ್ಲಿದ್ದವಳು. ಇಬ್ಬರೂ ಒಂದೇ ಬೆಂಚು, ಇಬ್ಬರದೂ ಚರಿತ್ರೆ. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ದಾರಿಯುದ್ದಕ್ಕೂ ನನ್ನ ತಣ್ಣಗಾದ ಅಂಗೈಯನ್ನು ತನ್ನ ಅಂಗೈಯಿಂದ ತಿಕ್ಕುತ್ತಲೇ ಇದ್ದಳು.

ಎದೆಗೆ ವೈರು ಅಂಟಿಸಿ ನೋಡಿದ ಡಾಕ್ಟರಮ್ಮ ಕಾಗದ ನನ್ನ ಕಡೆ ತಿರುಗಿಸಿ ಹೇಳಿದರು: “ಹೃದಯ ಚೆನ್ನಾಗೇ ಇದೆಯಮ್ಮ. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅಂತಾರೆ. ಎದುರಿಗೆ ಏನೂ ಇಲ್ಲದಿದ್ರೂ ಮೈ ಹೆದರಿಬಿಡುತ್ತೆ. ಇದರಿಂದ ಯಾರೂ ಸಾಯಲ್ಲ. ಆದರೆ ಬಿಡಬೇಡಿ, ಹಾಸನದಲ್ಲಿ ಮನಸ್ಸಿನ ಡಾಕ್ಟರನ್ನ ಒಂದ್ಸಲ ನೋಡಿ.”

ಮನಸ್ಸಿನ ಡಾಕ್ಟರು ಅಂದದ್ದೇ ನನಗೆ ಅಳು ಬಂತು. ನಮ್ಮೂರಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ.

“ಅಮ್ಮಂಗೆ ಏನಂತ ಹೇಳ್ಲೇ?” ಎಂದೆ ಹೊರಗೆ ಬಂದು.

“ಗ್ಯಾಸ್ಟ್ರಿಕ್ ಅನ್ನು. ಎಲ್ಲಾ ಕಾಯಿಲೆಗೂ ಅದೇ ತಾನೇ ಹೆಸರು?” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ನನ್ನ ಹೊಟ್ಟೇಲೇ ಇರುತ್ತೆ ಕಣೇ. ನನ್ನಾಣೆ,” ಎಂದಳು.

ಅಮ್ಮನಿಗೆ ಫೋನು ಮಾಡಿ ಗ್ಯಾಸ್ಟ್ರಿಕ್ ಎಂದು ಹೇಳಿದವಳೂ ಅವಳೇ. ನನಗಿಂತ ಚೆನ್ನಾಗಿ ಹೇಳಿದಳು. ಹಾಸನದ ಡಾಕ್ಟರ ಹತ್ತಿರ ಜೊತೆಗೆ ಬಂದವಳೂ ಅವಳೇ. ಅವರು ಬೆಳಿಗ್ಗೆಗೊಂದು ಮಾತ್ರೆ ಬರೆದುಕೊಟ್ಟರು. ಉಸಿರನ್ನು ಮೆಲ್ಲಗೆ ಒಳಗೆ ಎಳೆದು, ಇನ್ನೂ ಮೆಲ್ಲಗೆ ಬಿಡುವುದನ್ನು ಕಲಿಸಿದರು. ಮಾತ್ರೆ ಮರೆತುಬಿಟ್ಟೇನೆಂದು ಗೆಳತಿ ಕ್ಲಾಸಿನಲ್ಲಿ ಕಾಲು ತಗುಲಿಸಿ ಕೇಳುತ್ತಿದ್ದಳು: “ಆಯ್ತೇನೇ?” ನಾನು ತಲೆಯಾಡಿಸುತ್ತಿದ್ದೆ.

ಇನ್ನೊಂದು ಮಾತು ಹೇಳಬೇಕು. ನಮ್ಮದು ಬುದ್ಧನ ಪಟ ಇಟ್ಟುಕೊಂಡ ಮನೆ, ಅವಳದು ಮಠಕ್ಕೆ ನಡೆದುಕೊಳ್ಳುವ ಮನೆ. ಅವಳು ಮೊದಲ ಸಲ ನಮ್ಮೂರಿಗೆ ಬಂದಾಗ ಅಮ್ಮ ಸಂಕೋಚದಿಂದ ಅಂಗಡಿಯ ಬಾಳೆಹಣ್ಣು, ಬಿಸ್ಕತ್ತು ತರಿಸಿ ತಟ್ಟೆಯಲ್ಲಿಟ್ಟಳು. ಅವಳು ತಟ್ಟೆ ಪಕ್ಕಕ್ಕೆ ಸರಿಸಿ, “ಇದೆಲ್ಲ ಬೇಡಮ್ಮ, ಮುದ್ದೆ ಘಮಘಮ ಅಂತೈತೆ, ಅದನ್ನೇ ಹಾಕಿ,” ಎಂದು ಒಲೆಯ ಮುಂದೆಯೇ ಕೂತಳು. ಅವತ್ತಿನಿಂದ ಅಮ್ಮ ಅವಳನ್ನು ತನ್ನ ಮಕ್ಕಳ ಲೆಕ್ಕಕ್ಕೆ ಸೇರಿಸಿಬಿಟ್ಟಳು. ನಾನೂ ಅವತ್ತೇ ನನ್ನದೆಲ್ಲವನ್ನೂ ಅವಳ ಕೈಗೆ ಕೊಟ್ಟುಬಿಟ್ಟೆ ಅನಿಸುತ್ತದೆ.

ಡಿಗ್ರಿ ಮುಗಿದ ಮೇಲೆ ಬೇಲೂರಿನಲ್ಲಿ ಒಂದು ಖಾಸಗಿ ಸಂಸ್ಥೆ ಪ್ರವಾಸಿಗರಿಗೆ ದೇವಸ್ಥಾನ ತೋರಿಸುವ ಗೈಡುಗಳನ್ನು ತರಬೇತಿಗೆ ಆರಿಸುತ್ತದೆ ಎಂದು ಗೊತ್ತಾಯಿತು. ಆ ಸಲ ಹೆಣ್ಣುಮಕ್ಕಳಿಗೆ ಇದ್ದದ್ದು ಎರಡೋ ಮೂರೋ ಜಾಗ. ಇಬ್ಬರೂ ಅರ್ಜಿ ಹಾಕಿದೆವು. ಅವಳು ವಾರಗಟ್ಟಲೆ ನಮ್ಮನೆಯಲ್ಲೇ ಉಳಿದಳು. ದಿನಾ ಬೆಳಿಗ್ಗೆ ಹುಲಿಕೆರೆಯ ಕಲ್ಯಾಣಿಗೆ ಹೋಗಿ ಅಭ್ಯಾಸ ಮಾಡುತ್ತಿದ್ದೆವು. ಒಬ್ಬಳು ಮೆಟ್ಟಿಲ ಮೇಲೆ ನಿಂತು ಗೈಡು, ಇನ್ನೊಬ್ಬಳು ಕೆಳಗೆ ಕೂತು ಪ್ರವಾಸಿ. ಪ್ರವಾಸಿಯ ಕೆಲಸ ತಲೆಹರಟೆ ಪ್ರಶ್ನೆ ಕೇಳುವುದು. ಅವಳಿಗೆ ಇಸವಿಗಳು ನೆನಪಿರುತ್ತಿರಲಿಲ್ಲ, ನನಗೆ ಇರುತ್ತಿದ್ದವು. ಅವಳಿಗೆ ಗಂಟಲು ಚೆನ್ನಾಗಿತ್ತು, ನನ್ನದು ಸಣ್ಣ ದನಿ. “ಜೋರಾಗಿ ಹೇಳೇ, ಕೊಳದಲ್ಲಿರೋ ಕಪ್ಪೆಗೂ ಕೇಳಬೇಕು,” ಎಂದು ಕೆಳಗಿನಿಂದ ಕೂಗುತ್ತಿದ್ದಳು. ಆ ಒಂದು ತಿಂಗಳು ನನಗೆ ಒಮ್ಮೆಯೂ ಉಸಿರು ಸಿಕ್ಕಿಹಾಕಿಕೊಳ್ಳಲಿಲ್ಲ.

ಸಂದರ್ಶನದ ದಿನ ಮೊದಲು ಅವಳನ್ನು ಕರೆದರು. ಕಾಲು ಗಂಟೆಗೆ ಹೊರಬಂದು, “ಸುಲಭ ಐತೆ, ಹೋಗು,” ಎಂದು ನನ್ನ ಬೆನ್ನು ತಟ್ಟಿದಳು. ಒಳಗೆ ಮೂವರು ಕೂತಿದ್ದರು. ನಾನು ದೇವಸ್ಥಾನದ ಗೋಡೆಯಲ್ಲಿ ಕೆತ್ತಿದ ಆನೆಗಳ ಸಾಲಿನ ಬಗ್ಗೆ ಹೇಳುತ್ತಿದ್ದೆ, ಚೆನ್ನಾಗಿಯೇ ಹೇಳುತ್ತಿದ್ದೆ. ನಡುವೆ ಕೂತಿದ್ದವರು ಪೆನ್ನು ಕೆಳಗಿಟ್ಟು ಕೇಳಿದರು:

“ನಿಮಗೇನೋ ಒಂಥರಾ ಅಟ್ಯಾಕ್ ಬರುತ್ತಂತೆ? ಮಾತ್ರೆ ತಗೋತೀರಂತೆ?”

ನಮ್ಮ ಭಾಷೆಯಲ್ಲಿ ‘ಅಂತೆ’ ಎಂಬುದು ಎಷ್ಟು ಸಣ್ಣ ಮಾತು! ಯಾರೋ ಹೇಳಿದರು, ನಾನು ಕೇಳಿದೆ ಎಂದಷ್ಟೇ ಅದರ ಅರ್ಥ. ಆದರೆ ನನ್ನ ವಿಷಯದಲ್ಲಿ ಆ ‘ಯಾರೋ’ ಯಾರಾದರೂ ಆಗಿರಲು ಸಾಧ್ಯವೇ ಇರಲಿಲ್ಲ. ಭೂಮಿಯ ಮೇಲೆ ಅದು ಗೊತ್ತಿದ್ದದ್ದು ಇಬ್ಬರು ಡಾಕ್ಟರಿಗೆ ಮತ್ತು ಹೊರಗೆ ಬೆಂಚಿನ ಮೇಲೆ ನನ್ನ ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತಿದ್ದವಳಿಗೆ.

“ಹೌದು ಸರ್, ತಗೋತೀನಿ. ಈಗ ಆರಾಮಾಗಿದೀನಿ,” ಎಂದೆ.

“ಅಲ್ಲಮ್ಮ, ಬಿಸಿಲಲ್ಲಿ ಐವತ್ತು ಜನದ ಮುಂದೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ?” ಎಂದರು. ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಮತ್ತೊಬ್ಬರು ನನಗೆ ನೀರು ಕೊಟ್ಟರು. ಆ ನೀರು ಕುಡಿಯುವಾಗಲೇ ನನಗೆ ಗೊತ್ತಾಯಿತು, ಕೆಲಸ ಆಗಲಿಲ್ಲ ಎಂದು.

ಹೊರಗೆ ಬಂದಾಗ ಅವಳು, “ಹೆಂಗಾಯ್ತೇ?” ಎಂದಳು. ನಾನು ಬ್ಯಾಗು ಕಿತ್ತುಕೊಂಡು ನಡೆದೆ. ಯಗಚಿ ಹೊಳೆಯ ಸೇತುವೆಯವರೆಗೂ ಹಿಂದೆಯೇ ಬಂದಳು.

“ನೀನೇ ಹೇಳಿದ್ದಾ?”

“ಅವರೇ ಕೇಳಿದ್ರು ಕಣೇ. ನಿಮ್ಮ ಜೊತೆ ಬಂದಿರೋರು ಹೆಂಗೆ, ಓಡಾಡೋಕೆ ಗಟ್ಟಿಯಾಗಿದಾರಾ ಅಂತ. ಕೇಳಿದಾಗ ಸುಳ್ಳು ಹೇಳೋಕಾಗುತ್ತಾ? ನಿನ್ನ ಒಳ್ಳೇದಕ್ಕೇ ಹೇಳಿದ್ದು. ನಾಳೆ ಜನದ ಮುಂದೆ ಬಿದ್ದುಬಿಟ್ರೆ ನಿನಗೇ ಅವಮಾನ ಅಲ್ವಾ?”

“ನಮ್ಮಮ್ಮನ ಹತ್ರ ಸುಳ್ಳು ಹೇಳೋಕೆ ಬಂತಲ್ಲ.”

“ನೀನು ಹಿಂಗೆಲ್ಲಾ ಯೋಚ್ನೆ ಮಾಡೋದ್ರಿಂದ್ಲೇ ಹಿಂಗಾಗೋದು,” ಎಂದಳು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ನನ್ನ ಕಾಯಿಲೆಯನ್ನೇ ಎತ್ತಿ ನನ್ನ ಮುಖಕ್ಕೆ ಎಸೆದಳಲ್ಲ, ಅದನ್ನು ಇವತ್ತಿಗೂ ನುಂಗಲು ಆಗಿಲ್ಲ.

ಪಟ್ಟಿ ಬಂತು. ಅವಳ ಹೆಸರಿತ್ತು, ನನ್ನದಿರಲಿಲ್ಲ.

ಆಮೇಲೆ ನಾನು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮಾತ್ರೆ ನಿಲ್ಲಿಸಿಬಿಟ್ಟೆ. ಮಾತ್ರೆ ಇಲ್ಲದಿದ್ದರೆ ‘ಮಾತ್ರೆ ತಗೋತೀರಂತೆ’ ಎಂದು ಯಾರೂ ಕೇಳುವಂತಿಲ್ಲವಲ್ಲ ಎಂಬ ಹುಚ್ಚು ಹಟ. ಡಾಕ್ಟರನ್ನು ಕೇಳಲಿಲ್ಲ. ತಲೆ ಬಾಚುವುದು ಬಿಟ್ಟೆ, ಸರಿಯಾಗಿ ಉಣ್ಣಲಿಲ್ಲ. ಹಗಲೆಲ್ಲಾ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಕೆಲಸ ಸಿಗದ ಬೇಜಾರು ಅಂದುಕೊಂಡು ಅಮ್ಮ ಸುಮ್ಮನಿದ್ದಳು.

ಕೆಲವು ವಾರ ಕಳೆದು ಅಮ್ಮನ ಜೊತೆ ಹಳೇಬೀಡಿನ ಸಂತೆಗೆ ಹೋಗಿ ಈರುಳ್ಳಿ ಆರಿಸುತ್ತಾ ಕೂತವಳಿಗೆ ಎದ್ದೇಳಲು ಆಗಲಿಲ್ಲ. ಅರಸೀಕೆರೆಯಲ್ಲಿ ಬಂದಿದ್ದು ಇದರ ಮುಂದೆ ಏನೂ ಅಲ್ಲ. ಜನ ಸುತ್ತ ನಿಂತರು. ಯಾರೋ ಕಬ್ಬಿಣ ಕೊಡಿ ಕೈಗೆ ಎಂದರು, ಯಾರೋ ದೃಷ್ಟಿ ಎಂದರು. ಅಮ್ಮ ಎಲ್ಲರನ್ನೂ ತಳ್ಳಿ ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. ಅವಳು ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ಅಳುವ ಮಕ್ಕಳನ್ನು ಹಾಗೆಯೇ ಹಿಡಿಯುತ್ತಾಳೆ.

ಮನೆಗೆ ಬಂದು ಎಲ್ಲ ಹೇಳಿದೆ. ಎರಡು ವರ್ಷದ್ದು.

“ಅವಳಿಗೆ ಗೊತ್ತಿತ್ತು, ನಂಗೆ ಗೊತ್ತಿರ್ಲಿಲ್ಲ,” ಎಂದಳು ಅಮ್ಮ. “ಎರಡು ವರ್ಷ ನೀನು ಹೊಟ್ಟೆನೋವು ಅಂದಾಗೆಲ್ಲ ಜೀರಿಗೆ ಕಷಾಯ ಕಾಯಿಸ್ಕೊಟ್ನಲ್ಲೇ ನಾನು.”

ಸೇತುವೆಯ ಮೇಲೆ ನಿಂತಾಗ ನನ್ನ ಮುಖ ಹೇಗಿತ್ತೋ, ಅಮ್ಮನ ಮುಖ ಅವತ್ತು ಹಾಗೇ ಇತ್ತು. ಮೋಸ ಹೋದವಳು ನಾನೊಬ್ಬಳೇ ಅಂದುಕೊಂಡಿದ್ದೆ. ಅವಳ ಕಾಲು ಮುಟ್ಟಲು ಹೋದೆ. “ಅದೆಲ್ಲ ಬ್ಯಾಡ, ಮೊದ್ಲು ಎದ್ದು ತಲೆಗೆ ನೀರು ಹಾಕ್ಕೋ. ನಾಳೆ ಹಾಸನಕ್ಕೆ ನಾನೇ ಬತ್ತೀನಿ,” ಎಂದಳು. ನೀರು ಕಾಯಿಸಿ, ಸೀಗೆಪುಡಿ ಹಚ್ಚಿ, ನನ್ನ ಜಡೆಯ ಸಿಕ್ಕನ್ನು ಅವಳೇ ಬಿಡಿಸಿದಳು. ಕೂದಲು ಎಳೆದು ನೋವಾದಾಗ ಅತ್ತೆ. ಆ ಅಳುವಿನಲ್ಲಿ ಉಳಿದದ್ದೂ ಸೇರಿಕೊಂಡಿತ್ತು.

ಡಾಕ್ಟರು ಬೈಯಲಿಲ್ಲ. “ಸಿಟ್ಟು ಯಾರ ಮೇಲೆ ಇತ್ತು, ಶಿಕ್ಷೆ ಯಾರಿಗೆ ಕೊಟ್ರಿ?” ಎಂದಷ್ಟೇ ಕೇಳಿದರು. ಮಾತ್ರೆಯನ್ನು ಹೀಗೆ ತಟಕ್ಕನೆ ನಿಲ್ಲಿಸಬಾರದೆಂದು ಅಮ್ಮನಿಗೂ ತಿಳಿಸಿ ಹೇಳಿದರು. ನಾನು ಅವರನ್ನು ಕೇಳಿದೆ, ಗೆಳತಿಯನ್ನು ಕ್ಷಮಿಸಿದರೆ ಬೇಗ ವಾಸಿಯಾಗುತ್ತದೆಯೇ ಎಂದು. “ಕ್ಷಮೆ ನಾನು ಚೀಟೀಲಿ ಬರೆದುಕೊಡೋ ಔಷಧಿ ಅಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ದಿನಾ ನಡೀರಿ, ನಿದ್ದೆ ಮಾಡಿ. ಅದು ಬಂದ್ರೆ ಬರಲಿ,” ಎಂದರು.

ಅದರಂತೆ ಬೆಳಿಗ್ಗೆ ಎದ್ದು ಕೆರೆ ಏರಿಯ ಮೇಲೆ ನಡೆಯತೊಡಗಿದೆ. ಮೊದಲ ವಾರ ಅಮ್ಮ ಜೊತೆಗೆ ಬಂದಳು, ಆಮೇಲೆ ಒಬ್ಬಳೇ. ಬೇಗ ವಾಸಿಯಾಗಲಿಲ್ಲ. ನಾಲ್ಕು ಹೆಜ್ಜೆ ಮುಂದಾದರೆ ಮೂರು ಹಿಂದೆ.

ಮರುವರ್ಷ ಬಿಕ್ಕೋಡಿನ ದಾರಿಯಲ್ಲಿರುವ ಒಂದು ಸಣ್ಣ ಶಾಲೆಯಲ್ಲಿ ಸಮಾಜ ವಿಜ್ಞಾನಕ್ಕೆ ಟೀಚರು ಬೇಕು ಎಂದರು. ಹೋದೆ. ಮುಖ್ಯೋಪಾಧ್ಯಾಯಿನಿ ಎಲ್ಲ ಕೇಳಿ ಮುಗಿಸಿ, “ಇನ್ನೇನಾದ್ರೂ ಹೇಳೋದಿದೆಯಾ?” ಎಂದರು. ಸುಮ್ಮನೆ ‘ಇಲ್ಲ ಮೇಡಂ’ ಎಂದು ಎದ್ದು ಬರಬಹುದಿತ್ತು. ಆದರೆ ಇನ್ನೊಬ್ಬರ ಬಾಯಿಂದ ‘ಅಂತೆ’ ಎಂದು ಕೇಳಿಸಿಕೊಳ್ಳುವುದಕ್ಕಿಂತ ನನ್ನ ಬಾಯಿಂದಲೇ ಬರಲಿ ಅನಿಸಿತು. ಕುರ್ಚಿಯ ಅಂಚು ಹಿಡಿದುಕೊಂಡು ಹೇಳಿದೆ.

ಅವರು ಕನ್ನಡಕ ತೆಗೆದು ನೋಡಿದರು. “ಮಾತ್ರೆ ತಗೊಂಡು ಪಾಠ ಮಾಡ್ತೀರಿ ತಾನೇ? ನಾನೂ ಬಿಪಿ ಮಾತ್ರೆ ತಗೊಂಡೇ ಸ್ಕೂಲ್ ನಡೆಸ್ತಿದೀನಿ. ಸೋಮವಾರ ಬನ್ನಿ.”

ಆ ವರ್ಷದ ಕೊನೆಗೆ ಏಳನೇ ತರಗತಿಯ ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋದೆವು. ಗೈಡು ಬೇಡ, ನಾನೇ ಹೇಳುತ್ತೇನೆ ಎಂದಿದ್ದೆ. ದೇವಸ್ಥಾನದ ಗೋಡೆಯ ಸುತ್ತ ಅರ್ಧ ಬಂದಿರಬೇಕು, ಎದುರಿನಿಂದ ಒಂದು ಗುಂಪು ಬಂತು. ಮುಂದೆ ಅವಳು, ಕೊರಳಲ್ಲಿ ಗುರುತಿನ ಚೀಟಿ, ಅದೇ ತುಂಬು ಗಂಟಲು. ನನ್ನನ್ನು ನೋಡಿ ನಕ್ಕಳು. ಏನೂ ಆಗಿಯೇ ಇಲ್ಲ ಎನ್ನುವ ಹಾಗೆ.

ಬೆರಳು ಜೋಮು ಹಿಡಿಯಿತು. ಓಡಿಹೋಗಬೇಕು ಅನಿಸಿತು. ಹಿಂದೆ ಮೂವತ್ತು ಮಕ್ಕಳು. ನಾನು ಜಗಲಿಯ ಕಲ್ಲಿನ ಮೇಲೆ ಕೂತುಬಿಟ್ಟೆ. “ಮಕ್ಕಳೇ, ನನಗೆ ಒಮ್ಮೊಮ್ಮೆ ಉಸಿರು ಸಿಕ್ಕಿಹಾಕಿಕೊಂಡ ಹಾಗೆ ಆಗುತ್ತೆ. ಐದು ನಿಮಿಷದಲ್ಲಿ ಹೋಗುತ್ತೆ. ಎಲ್ಲರೂ ಕೂತ್ಕೊಳ್ಳಿ,” ಎಂದೆ. ಕೂತರು. ಮೆಲ್ಲಗೆ ಎಳೆದೆ, ಇನ್ನೂ ಮೆಲ್ಲಗೆ ಬಿಟ್ಟೆ. ಕೆಲವರು ನನ್ನ ಜೊತೆಯಲ್ಲೇ ಎಳೆದು ಬಿಟ್ಟರು. ಅವಳ ಗುಂಪು ದಾಟಿಹೋಯಿತು. ಆಮೇಲೆ ಎದ್ದು, ಬಿಟ್ಟಲ್ಲಿಂದ ಮುಂದುವರಿಸಿದೆ.

ಊಟಕ್ಕೆ ಹುಲ್ಲಿನ ಮೇಲೆ ಕೂತಾಗ ಅವಳು ಬಂದಳು. “ಇನ್ನೂ ಸಿಟ್ಟು ಹೋಗಿಲ್ವೇನೇ?”

“ಹೋಗಿಲ್ಲ,” ಎಂದೆ.

“ನಾನು ಒಳ್ಳೇದಕ್ಕೇ…”

“ಹಂಗನ್ನಬೇಡ. ಆ ಜಾಗ ನಿನಗೆ ಬೇಕಾಗಿತ್ತು. ಅದನ್ನ ಹೇಳು, ಕೇಳ್ತೀನಿ.”

ಅವಳ ಕಣ್ಣು ತುಂಬಿತು. ಆದರೆ ಹೇಳಲಿಲ್ಲ. ಅವಳ ಗುಂಪಿನವರು ಕರೆದರು, ಹೋದಳು. ನಾನು ಡಬ್ಬಿ ಮುಚ್ಚಿದೆ. ಅವತ್ತು ಊಟ ಸೇರಲಿಲ್ಲ ಎಂಬುದೂ ನಿಜ.

ಬಸ್ಸು ಹತ್ತುವ ಮೊದಲು ಒಬ್ಬ ಹುಡುಗಿ ನನ್ನ ಸೀರೆಯ ಸೆರಗು ಹಿಡಿದು ನಿಲ್ಲಿಸಿದಳು. ತರಗತಿಯಲ್ಲಿ ಮಾತೇ ಆಡದ ಹುಡುಗಿ. “ಮಿಸ್, ನಂಗೂ ಹಂಗೇ ಆಗುತ್ತೆ. ಗಣಿತದ ಟೆಸ್ಟಲ್ಲಿ. ಯಾರಿಗೂ ಹೇಳ್ಬೇಡಿ ಮಿಸ್.”

ಆಣೆ ಇಡುವುದು ನನಗೂ ಸುಲಭವಿತ್ತು. “ನಿನ್ನನ್ನ ಕೇಳದೆ ಯಾರಿಗೂ ಹೇಳಲ್ಲ,” ಎಂದೆ. “ಆದ್ರೆ ನಿಮ್ಮಮ್ಮಂಗೆ ಗೊತ್ತಾಗಬೇಕು ಕಂದ. ನೀನೇ ಹೇಳು, ನಾನು ಪಕ್ಕದಲ್ಲಿ ಇರ್ತೀನಿ.”

ಅವಳು ಒಂದು ವಾರ ಯೋಚಿಸಿದಳು. ಶನಿವಾರ ಕಾಫಿ ತೋಟದ ಕೆಲಸ ಮುಗಿಸಿಕೊಂಡು ಅವಳ ತಾಯಿ ಶಾಲೆಗೆ ಬಂದರು. ಹುಡುಗಿ ತಡೆತಡೆದು ಹೇಳಿದಳು. ನಾನು ಪಕ್ಕದಲ್ಲಿ ಇದ್ದೆ, ಬಾಯಿ ಹಾಕಲಿಲ್ಲ. ಆ ತಾಯಿ ಮಗಳ ಕೈ ಹಿಡಿದುಕೊಂಡು, “ಯಾವ ಆಸ್ಪತ್ರೆಗೆ ಕರ್ಕೊಂಡೋಗ್ಬೇಕು ಮೇಡಂ?” ಎಂದು ಮಾತ್ರ ಕೇಳಿದರು. ಹಾಸನದ ಡಾಕ್ಟರ ವಿಳಾಸ ಬರೆದುಕೊಟ್ಟೆ.

ಯುಗಾದಿಗೆ ಗೆಳತಿಯಿಂದ ಫೋನಿಗೆ ಒಂದು ಶುಭಾಶಯ ಬಂತು, ಎಲ್ಲರಿಗೂ ಕಳಿಸುವಂಥದ್ದು, ಮಾವಿನೆಲೆಯ ಚಿತ್ರ. ಅಮ್ಮ ನೋಡಿ, “ಉತ್ತರ ಬರೀತೀಯಾ?” ಎಂದಳು.

“ಈಗ ಬೇಡಮ್ಮ,” ಎಂದೆ.