ಜೈಲಿನ ಏಡಿಗಳು

ನನ್ನ ಅಕ್ಕನನ್ನು ಎಲ್ಲರೂ ಕರೆಯುವುದು ಏಡಿಯಕ್ಕ ಎಂದೇ. ಅವಳಿಗೆ ಅದರಿಂದ ಬೇಸರವಿಲ್ಲ. ಬೇಸರ ನನಗೆ, ಏಕೆಂದರೆ ಹಾಗೆ ನೋಡಿದರೆ ನಾನು ಏಡಿಯ ತಂಗಿ. ಉಪ್ಪುನೀರಿನ ಮೀನಿನ ತೊಟ್ಟಿಗಳನ್ನು ನೋಡಿಕೊಳ್ಳುವುದು ಅವಳ ಕಸುಬು. ಹೋಟೆಲು, ಕ್ಲಿನಿಕ್ಕು, ಹತ್ತಾರು ದೊಡ್ಡ ಮನೆ, ಎಲ್ಲೆಲ್ಲಿ ಗಾಜಿನ ಹಿಂದೆ ಸಮುದ್ರದ ಮೀನು ಓಡಾಡುತ್ತಿತ್ತೋ ಅಲ್ಲಿಗೆಲ್ಲ ವಾರಕ್ಕೊಮ್ಮೆ ಇವಳ ಬಕೆಟ್ಟು ಹೋಗುತ್ತಿತ್ತು. ಮನೆಯಲ್ಲಿ ಇರುವವರು ನಾವಿಬ್ಬರೇ. ಅಡುಗೆಮನೆಯ ಪಕ್ಕದ ಕೋಣೆ ನನ್ನ ಹೊಲಿಗೆ ಯಂತ್ರಕ್ಕೆಂದು ಇದ್ದದ್ದು. ಈಗ ಅಲ್ಲಿ ನಾಲ್ಕು ತೊಟ್ಟಿಗಳಿವೆ, ಯಂತ್ರ ಬಾಗಿಲ ಬಳಿ ಬಂದು ಕೂತಿದೆ.

ಈ ತೊಟ್ಟಿಗಳಿಗೆ ಬರುವ ಪೀಡೆಗಳಲ್ಲಿ ಗುಳ್ಳೆಪಾಚಿಯಷ್ಟು ಹಟಮಾರಿ ಇನ್ನೊಂದಿಲ್ಲ. ಕಲ್ಲಿನ ಸಂದಿಯಲ್ಲಿ ಹಸಿರು ಗಾಜಿನ ಮಣಿಯಂಥ ಒಂದು ಗುಳ್ಳೆ ಏಳುತ್ತದೆ, ನೋಡಲು ಚೆಂದವಾಗಿಯೇ ಇರುತ್ತದೆ. ಕೆರೆದು ಒಡೆದಿರೋ, ಒಳಗಿನ ಬೀಜವೆಲ್ಲ ನೀರಿಗೆ ಬಿದ್ದು ಕೆಲವೇ ವಾರಗಳಲ್ಲಿ ತೊಟ್ಟಿಯ ತುಂಬ ಅದೇ ಮಣಿ. ಅಕ್ಕ ಅದಕ್ಕೆ ಕೈ ಹಚ್ಚುತ್ತಿರಲಿಲ್ಲ, ಹಸಿರು ಏಡಿಗಳನ್ನು ಬಿಡುತ್ತಿದ್ದಳು. ಹೆಬ್ಬೆರಳಿನ ಉದ್ದವೂ ಇಲ್ಲದ ಪ್ರಾಣಿ, ಚಮಚದಂಥ ಚಿಮ್ಮಟದಲ್ಲಿ ಒಂದೊಂದೇ ಗುಳ್ಳೆ ಕಿತ್ತು ಬಾಯಿಗಿಟ್ಟುಕೊಳ್ಳುತ್ತದೆ. ಆದರೆ ಅವಳು ಏಡಿ ಕೊಡುತ್ತಿದ್ದದ್ದು ಎರವಲಿಗೆ ಮಾತ್ರ. ಪಾಚಿ ಇನ್ನೂ ಸ್ವಲ್ಪ ಉಳಿದಿರುವಾಗಲೇ ಹೋಗಿ, ಒಂದು ಗಾಜಿನ ಲೋಟದಲ್ಲಿ ಸಿಗಡಿ ಚೂರು ಹಾಕಿ ಕಲ್ಲಿಗೆ ಓರೆಯಾಗಿ ಒರಗಿಸಿ ಇಡುತ್ತಿದ್ದಳು. ವಾಸನೆಗೆ ಬಂದ ಏಡಿ ಲೋಟದೊಳಗೆ ಜಾರುತ್ತದೆ, ನುಣುಪು ಗಾಜನ್ನು ಹತ್ತಲಾರದೆ ಅಲ್ಲೇ ಇರುತ್ತದೆ. ಅದನ್ನು ಡಬ್ಬಿಗೆ ಹಾಕಿಕೊಂಡು ಮನೆಗೆ ತರುವುದು ಅವಳ ಪದ್ಧತಿ. ಏಕೆಂದರೆ ಪಾಚಿ ಮುಗಿದ ಮೇಲೂ ಏಡಿಗೆ ಹಸಿವಾಗುತ್ತದೆ. ಆಗ ಅದು ಹವಳ ಹರಿಯುತ್ತದೆ, ಮಲಗಿದ ಮೀನನ್ನೂ ಹಿಡಿಯುತ್ತದೆ. ಒಮ್ಮೆ ಆ ರುಚಿ ಹತ್ತಿದ್ದನ್ನು ಅಕ್ಕ ಮತ್ತೆ ಯಾರ ತೊಟ್ಟಿಗೂ ಬಿಡುತ್ತಿರಲಿಲ್ಲ. ಕೊಲ್ಲಲೂ ಮನಸ್ಸು ಬಾರದೆ ಮೂಲೆಯ ತೊಟ್ಟಿಯಲ್ಲಿ ಬೇರೆಯಾಗಿ ಇಟ್ಟಿದ್ದಳು. ಅದಕ್ಕೆ ನಾವು ಜೈಲು ಎನ್ನುತ್ತಿದ್ದೆವು. ಆಗ ಜೈಲಿನಲ್ಲಿ ಇಬ್ಬರು ಕೈದಿಗಳಿದ್ದರು, ಇಬ್ಬರೂ ದೊಡ್ಡ ಚಿಮ್ಮಟದ ಗಂಡುಗಳು.

ಅವಳು ನೋಡಿಕೊಳ್ಳುತ್ತಿದ್ದ ತೊಟ್ಟಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಹಲ್ಲಿನ ಡಾಕ್ಟರದು. ಕ್ಲಿನಿಕ್ಕಿನ ಗೋಡೆಯಲ್ಲಿದ್ದ ಗೂಡಿನ ಅಳತೆಗೆ ಮಾಡಿಸಿದ್ದು, ಆರಡಿ ಎರಡು ಇಂಚು. ಅಂಥ ಅಡ್ಡಾದಿಡ್ಡಿ ಅಳತೆಯ ತೊಟ್ಟಿ ಬೇರೆಲ್ಲೂ ಇರಲಿಲ್ಲ. ಒಂಬತ್ತು ವರ್ಷ ಅಕ್ಕ ಅದನ್ನು ಮಗುವಿನಂತೆ ನೋಡಿಕೊಂಡಳು. ಮೊದಲ ದಿನ ಬಿಟ್ಟ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಮೀನೊಂದು ಇನ್ನೂ ಅದರಲ್ಲಿತ್ತು. ಅದರ ಹೆಸರು ಮುದುಕ. ಅಕ್ಕನ ಬೆರಳು ಗಾಜಿನ ಮೇಲೆ ಎಲ್ಲಿ ಹೋದರೂ ಮುದುಕ ಅಲ್ಲಿಗೆ ಬರುತ್ತಿದ್ದ. ನೀನು ಮದುವೆಯಾಗಿದ್ದರೂ ಗಂಡ ಹೀಗೆ ಹಿಂದೆ ಹಿಂದೆ ಬರುತ್ತಿರಲಿಲ್ಲ ಎಂದು ನಾನು ಚುಡಾಯಿಸುತ್ತಿದ್ದೆ.

ಹೋದ ವರ್ಷ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ಸಾಕುಮೀನಿನ ಅಂಗಡಿಯವನು ಹಣ್ಣು ಹಿಡಿದುಕೊಂಡು ನೋಡಲು ಬಂದ. ಉಪ್ಪು, ಮೀನಿನ ಆಹಾರ ಎಲ್ಲವನ್ನೂ ಅಕ್ಕ ಅವನಲ್ಲೇ ಕೊಳ್ಳುತ್ತಿದ್ದಳು. ನಾನಿರುವಾಗ ನಿನಗೇನು ಚಿಂತೆ ಏಡಿಯಕ್ಕ, ಕೈ ವಾಸಿಯಾಗುವವರೆಗೆ ಡಾಕ್ಟರ ತೊಟ್ಟಿ ನಾನು ನೋಡಿಕೊಳ್ಳುತ್ತೇನೆ ಎಂದ. ಹೋದವನು ಕಲ್ಲಿನ ಮೇಲೆ ನಾಲ್ಕು ಗುಳ್ಳೆ ಕಂಡನಂತೆ. ಚಾಕು ತೆಗೆದುಕೊಂಡು ಎಲ್ಲವನ್ನೂ ಕೆರೆದು ಹಾಕಿದ. ಅಕ್ಕನ ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಆ ತೊಟ್ಟಿಯಲ್ಲಿ ಕಲ್ಲು ಕಾಣುತ್ತಿರಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಅಜ್ಞಾನ ಎಂದು ಸುಮ್ಮನಾಗಬಹುದಿತ್ತು. ಅವನು ಡಾಕ್ಟರಿಗೆ ಹೇಳಿದ್ದೇನೆಂದರೆ, ಈ ಪೀಡೆ ಬಂದದ್ದು ಏಡಿಯಕ್ಕನ ಬಕೆಟ್ಟಿನಿಂದ; ಅವಳ ಕೊಳಕು ಏಡಿಗಳು ಮನೆಯಿಂದ ಮನೆಗೆ ರೋಗ ಹೊತ್ತು ತಿರುಗುತ್ತವೆ. ಡಾಕ್ಟರು ನಂಬಿದರು. ಅಕ್ಕ ಹೋದಾಗ ಕೂರಲೂ ಹೇಳದೆ, ಇನ್ನು ಮುಂದೆ ಅಂಗಡಿಯವರೇ ನೋಡಿಕೊಳ್ಳುತ್ತಾರೆ ಎಂದು ಕಳಿಸಿಬಿಟ್ಟರು. ಮಾತು ಹೋಟೆಲಿಗೆ ಹೋಯಿತು, ಮನೆಮನೆಗೂ ಹೋಯಿತು. ಎರಡೇ ತಿಂಗಳಲ್ಲಿ ಅಕ್ಕನ ಬಕೆಟ್ಟು ಬಚ್ಚಲಲ್ಲಿ ಬೋರಲಾಯಿತು. ಇಪ್ಪತ್ತು ವರ್ಷದ ಹೆಸರು ಒಬ್ಬ ಹರಕುಬಾಯಿಯವನಿಂದ ಮಣ್ಣುಪಾಲಾಯಿತು. ಅಕ್ಕ ಅಳಲಿಲ್ಲ. ಅವನು ಅದೇ ಡಾಕ್ಟರ ಮುಂದೆ ಹೀಗೇ ತಲೆ ತಗ್ಗಿಸಿ ಹೊರಗೆ ಬರುವುದನ್ನು ನೋಡಬೇಕು ಎಂದು ಒಂದು ಸಲ ಹೇಳಿದಳು. ನಾನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಕ್ಷಮಿಸುವ ಗುಣ ನನ್ನಲ್ಲಿ ಮೊದಲಿಂದಲೂ ಕಮ್ಮಿ.

ಒಂದು ಮಧ್ಯಾಹ್ನ ಗುರುತಿಲ್ಲದ ಒಬ್ಬ ಮನೆಗೆ ಬಂದ. ತನ್ನ ಮನೆಯ ತೊಟ್ಟಿಯಲ್ಲಿ ಗುಳ್ಳೆಪಾಚಿ ಆಗಿದೆ, ಎರಡು ಏಡಿ ಬೇಕು ಎಂದ. ತೊಟ್ಟಿ ಎಷ್ಟು ದೊಡ್ಡದು ಎಂದು ಅಕ್ಕ ಕೇಳಿದಳು. ಆ ಪುಣ್ಯಾತ್ಮ ಹೇಳಿಕೊಟ್ಟದ್ದನ್ನು ಹಾಗೇ ಒಪ್ಪಿಸಿದ, ಆರಡಿ ಎರಡು ಇಂಚು. ಅಕ್ಕನ ಮುಖದಲ್ಲಿ ಏನೂ ಕದಲಲಿಲ್ಲ. ಅವನಿಗೆ ಕುಡಿಯಲು ನೀರು ಕೊಟ್ಟು ನನ್ನನ್ನು ಒಳಗೆ ಕರೆದಳು. ಕಳಿಸಿದವನು ಯಾರೆಂದು ನನಗೂ ಗೊತ್ತಾಗಿತ್ತು. ಹೊರಗೆ ನಮ್ಮ ಏಡಿ ಕೊಳಕು, ಗುಟ್ಟಿನಲ್ಲಿ ಅದೇ ಏಡಿ ಬೇಕು. ನನ್ನ ಮೈಯೆಲ್ಲ ಉರಿದುಹೋಯಿತು.

ನಾನು ಜೈಲಿನ ಕಡೆ ನೋಡಿದೆ. ಅಕ್ಕನೂ ಅತ್ತಲೇ ನೋಡುತ್ತಿದ್ದಳು.

"ಅಲ್ಲಿ ಮುದುಕ ಇದಾನೆ ಕಣೆ," ಅಂದಳು.

"ಒಂದು ಮೀನಿನ ಮುಖ ನೋಡ್ಕೊಂಡು ನಿನ್ನ ಹೆಸರು ಬಿಟ್ಕೊಡ್ತೀಯಾ?" ಅಂದೆ ನಾನು. "ಕೊಡು. ಆ ಎರಡನ್ನೇ ಕೊಡು."

ಅಕ್ಕ ತೋಳಿನ ಬಟ್ಟೆ ಮೇಲಕ್ಕೆ ಮಡಚಿ, ಜೈಲಿನ ಮುಚ್ಚಳ ತೆಗೆದಳು. ಡಬ್ಬಿಯನ್ನು ಅವನ ಕೈಗೆ ಕೊಡುವಾಗ, ಯಾವಾಗ ವಾಪಸು ತರಬೇಕು ಎಂದು ಅವನೇ ಕೇಳಿದ. ವಾಪಸೇನೂ ಬೇಡ, ಇಟ್ಟುಕೊಳ್ಳಿ ಎಂದಳು ಅಕ್ಕ. ಎಷ್ಟು ಒಳ್ಳೆಯವರು ನೀವು ಎಂದು ಅವನು ಕೈಮುಗಿದು ಹೋದ.

ಮೊದಲು ಆದದ್ದು ನಮಗೇ ಉಲ್ಟಾ. ಅಷ್ಟು ಪಾಚಿ ಕಂಡ ಕೈದಿಗಳು ಸಾಧುಗಳಾಗಿ ಮೇಯತೊಡಗಿದವು. ತಿಂಗಳು ಕಳೆಯುವುದರಲ್ಲಿ ಕಲ್ಲು ಮತ್ತೆ ಕಂಡಿತಂತೆ. ಅಂಗಡಿಯವನು ತಾನೇ ಏನೋ ಮದ್ದು ಕಂಡುಹಿಡಿದವನ ಹಾಗೆ ಊರೆಲ್ಲ ಹೇಳಿಕೊಂಡು ತಿರುಗಿದ. ಆ ಜಂಬ ಕೇಳಿ ನನಗೆ ಅನ್ನ ಸೇರುತ್ತಿರಲಿಲ್ಲ. ಅಕ್ಕ ಮಾತ್ರ ಶಾಂತವಾಗಿದ್ದಳು. ಈಗಲೇ ಅವನು ಏಡಿ ತೆಗೆಯಬೇಕು, ತೆಗೆಯುವುದಿಲ್ಲ, ಅವನಿಗೆ ಗೊತ್ತಿಲ್ಲ ಎಂದಳು.

ಇನ್ನೂ ಮೂರು ವಾರ ಬಿಟ್ಟು ನನ್ನ ದವಡೆ ಹಲ್ಲು ನೋಯುತ್ತದೆ ಎಂಬ ನೆಪ ಮಾಡಿಕೊಂಡು ಇಬ್ಬರೂ ಕ್ಲಿನಿಕ್ಕಿಗೆ ಹೋದೆವು. ನೆಪವೂ ಪೂರ್ತಿ ಸುಳ್ಳಲ್ಲ, ಹಲ್ಲು ಹುಳುಕಾಗಿತ್ತು. ತೊಟ್ಟಿ ಸ್ವಚ್ಛವಾಗಿತ್ತು, ಒಂದು ಗುಳ್ಳೆಯೂ ಇರಲಿಲ್ಲ. ಆದರೆ ಹವಳದ ಅಂಚುಗಳು ಹರಿದಿದ್ದವು, ಒಂದು ಏಡಿ ಹಾಡಹಗಲೇ ಕಲ್ಲಿನ ಮೇಲೆ ಕೂತು ಕೀಳುತ್ತಿತ್ತು. ನನಗಾದ ಖುಷಿಯನ್ನು ಮುಚ್ಚಿಡಲು ಸೆರಗು ಬಾಯಿಗೆ ಹಿಡಿದುಕೊಂಡೆ. ನೋಡಿದವರು ಹಲ್ಲುನೋವು ಎಂದುಕೊಂಡಿರಬೇಕು.

ಅಕ್ಕ ಗಾಜಿನ ಮೇಲೆ ಬೆರಳಿಟ್ಟಳು. ಮುದುಕ ಬಂದ. ನಿಧಾನವಾಗಿ, ಒಂದು ಪಕ್ಕಕ್ಕೆ ವಾಲಿಕೊಂಡು ಬಂದ. ಅವನ ಬಾಲ ಅರ್ಧ ಇರಲಿಲ್ಲ.

"ಹೇಳ್ಬಿಡ್ಲಾ?" ಎಂದಳು ಅಕ್ಕ, ನನ್ನ ಕಡೆ ತಿರುಗದೆ. "ಒಂದು ಲೋಟ ಇಟ್ರೆ ಇವತ್ತೇ ಹಿಡೀಬಹುದು."

"ಹೇಳಿದ್ರೆ ಅವನು ಬಚಾವಾಗ್ತಾನೆ, ಕಳ್ಳಿ ನೀನಾಗ್ತೀಯ," ಎಂದೆ.

ಅಷ್ಟರಲ್ಲಿ ನನ್ನ ಸರದಿ ಬಂತು. ಹಲ್ಲು ಕೊರೆಸಿಕೊಳ್ಳುವಾಗಲೂ ನನ್ನ ಕಿವಿಯೆಲ್ಲ ಹೊರಗಿತ್ತು, ಅಕ್ಕ ಬಾಯಿ ಬಿಟ್ಟಾಳೋ ಎಂದು. ಕೆನ್ನೆ ಊದಿಸಿಕೊಂಡು ಈಚೆ ಬಂದರೆ ಅವಳು ಅದೇ ಜಾಗದಲ್ಲಿ, ಅದೇ ಬೆರಳು ಗಾಜಿಗಿಟ್ಟುಕೊಂಡು ನಿಂತಿದ್ದಳು. ಯಾರಿಗೂ ಏನೂ ಹೇಳಿರಲಿಲ್ಲ.

ಹತ್ತು ದಿನಕ್ಕೆ ಡಾಕ್ಟರ ಫೋನು ಬಂತು, ಏಡಿಗಳು ಮೀನು ತಿಂದುಹಾಕುತ್ತಿವೆ, ಇನ್ನು ತೊಟ್ಟಿ ನೀವೇ ಬಂದು ನೋಡಿಕೊಳ್ಳಿ ಎಂದು. ಕಾದು ಕೂತಿದ್ದ ರೋಗಿಗಳೆಲ್ಲರ ಮುಂದೆ ಅಂಗಡಿಯವನಿಗೆ ಬೈದು ಕಳಿಸಿದರಂತೆ. ಅವನಿಗೆ ಬಾಯಿ ಬಿಡುವ ಹಾಗೂ ಇರಲಿಲ್ಲ. ಏಡಿ ಎಲ್ಲಿಯದು ಎಂದು ಹೇಳಿದರೆ, ಕೊಳಕು ಎಂದವನೇ ಕದ್ದು ತರಿಸಿದ್ದು ಬಯಲಾಗುತ್ತಿತ್ತು. ತಲೆ ತಗ್ಗಿಸಿಕೊಂಡು ಹೋದನಂತೆ. ಹೋಟೆಲಿನವರೂ ಅವನನ್ನು ಬಿಟ್ಟರು. ಅವನ ಬಗ್ಗೆ ನನಗೆ ಇವತ್ತಿಗೂ ಒಂದು ಚೂರು ಮರುಕವಿಲ್ಲ. ಇನ್ನೊಂದು ಸಲ ಅವಕಾಶ ಸಿಕ್ಕರೆ ಡಬ್ಬಿಯನ್ನು ನಾನೇ ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತೇನೆ.

ಅಕ್ಕ ಬಕೆಟ್ಟು ತೊಳೆದಳು. ನಾನೂ ಜೊತೆಗೆ ಹೋದೆ, ಗೆದ್ದವರ ಮುಖ ಹೊತ್ತು. ಲೋಟ ಇಟ್ಟ ಮುಕ್ಕಾಲು ಗಂಟೆಯಲ್ಲಿ ಮೊದಲ ಏಡಿ ಬಿತ್ತು, ಆಮೇಲೆ ಎರಡನೆಯದು. ಅಕ್ಕ ಎರಡನ್ನೂ ಡಬ್ಬಿಗೆ ಹಾಕಿ ಮುಚ್ಚಿದಳು. ನಂತರ ಮುದುಕ ಮಲಗುತ್ತಿದ್ದ ಕಲ್ಲಿನ ಪೊಟರೆಯೊಳಗೆ ಕೈ ಹಾಕಿ ಬೆರಳಾಡಿಸಿದಳು. ಸಿಕ್ಕಿದ್ದು ಕೂದಲಿನಂಥ ನಾಲ್ಕು ಮುಳ್ಳು. ಅವನ್ನು ಎಲ್ಲಿ ಹಾಕುವುದೆಂದು ತಿಳಿಯದವಳಂತೆ ನೀರೊಳಗೇ ಮುಷ್ಟಿಯಲ್ಲಿ ಹಿಡಿದುಕೊಂಡಳು.

ಡಾಕ್ಟರು ಕೈಗವಸು ಬಿಚ್ಚುತ್ತ ಬಂದು ಪಕ್ಕದಲ್ಲಿ ನಿಂತರು. ಅವರ ಕಣ್ಣು ತೇವವಾಗಿತ್ತು. ಆ ಮೀನನ್ನು ಕಂಡರೆ ಅಳುವ ಮಕ್ಕಳೂ ಬಾಯಿ ತೆರೆಯುತ್ತಿದ್ದವು ಎಂದರು. ನಿಮ್ಮನ್ನು ಅನುಮಾನಿಸಿದ್ದು ತಪ್ಪಾಯಿತು ಎಂದೂ ಹೇಳಿದರು.

"ನೀವಿದ್ದಿದ್ರೆ ಹೀಗೆ ಆಗ್ತಾನೇ ಇರ್ಲಿಲ್ಲ ಅಮ್ಮ," ಎಂದರು.

ಅಕ್ಕ ನನ್ನನ್ನು ನೋಡಲಿಲ್ಲ. ಮೊಣಕೈವರೆಗೆ ಕೈ ಇನ್ನೂ ನೀರಿನಲ್ಲೇ ಇತ್ತು.

"ಹೌದು ಡಾಕ್ಟ್ರೇ," ಎಂದಳು. "ಆಗ್ತಿರ್ಲಿಲ್ಲ."